ಹೊಡೆದುಹಾಕಿದ ಸಾಲು

ಕಪ್ಪತಗುಡ್ಡದ ತಪ್ಪಲು
ಜ್ಯೇಷ್ಠ ಶುದ್ಧ ತದಿಗೆ, ೨೨೪೮

ಪ್ರೀತಿಯ ಶಾರವ್ವ ಅಜ್ಜಿಗೆ, ಸಂಕವ್ವ ಮಾಡುವ ನಮಸ್ಕಾರಗಳು.

ಇನ್ನೂರು ವರ್ಷ ಹಿಂದಿನ ನಿಮ್ಮ ಕಾಲದಲ್ಲಿ ನಿಮಗೀಗ ಇಪ್ಪತ್ತಾರೇ ವರ್ಷ, ಮಡಿಲಲ್ಲಿ ಮೊದಲ ಕೂಸು. ಅಜ್ಜಿ ಎಂದು ಕರೆದರೆ ಮುನಿಸು ಬಂದೀತು. ಏನು ಮಾಡಲಿ, ನಾನು ನಿಮ್ಮ ಎಂಟನೆಯ ತಲೆಮಾರಿನ ಮೊಮ್ಮಗಳು. ನಿಮಗೆ ತಿಳಿಯದ ಪದ ಬಂದರೆ ಕ್ಷಮಿಸಿ, ಬಿಡಿಸಿ ಹೇಳುತ್ತ ಹೋಗುತ್ತೇನೆ.

ನಮ್ಮಲ್ಲಿ ಮನೆಗೊಂದು ಅಡುಗೆಮನೆ ಇಲ್ಲ. ಬಿಸಿಲಿನಿಂದ ಕಾಯುವ ನಾಲ್ಕು ದೊಡ್ಡ ಒಲೆಗಳಿವೆ, ಒಂದೊಂದು ಮತದವರಿಗೆ ಒಂದೊಂದು. ಬೆಳಗ್ಗೆ ಒಲೆಯ ಸುತ್ತ ಪ್ರಾರ್ಥನೆ, ಆಮೇಲೆ ರೊಟ್ಟಿ ಬಡಿಯುವ ಸದ್ದು. ಮಕ್ಕಳು ಯಾವ ಒಲೆಯಲ್ಲಾದರೂ ಉಣ್ಣಬಹುದು. ಹನ್ನೆರಡು ತುಂಬಿದ ದಿನ ಮಾತ್ರ ಊರೆದುರು ನಿಂತು, ತಮ್ಮ ಮನಸ್ಸು ಒಪ್ಪಿದ ಒಲೆ ಯಾವುದೆಂದು ಹೇಳಬೇಕು. ಇದನ್ನು ಒಲೆಮಾತು ಎನ್ನುತ್ತೇವೆ. ಮತದ ಹೆಸರಿನಲ್ಲಿ ಬಡಿದಾಡಿ ಸಾಕಾಗಿದ್ದ ಹಿರಿಯರು, ಯಾರೂ ಯಾರ ಮೇಲೂ ದೇವರನ್ನು ಹೇರಬಾರದೆಂದು ಮಾಡಿದ ಕಟ್ಟಳೆ. ಒಳ್ಳೆಯದೇ. ಆದರೆ ತೊಂಬತ್ತು ವರ್ಷಗಳಲ್ಲಿ ಒಂದು ಮಗುವೂ ತಾಯಿಯ ಒಲೆ ಬಿಟ್ಟು ಬೇರೆ ಹೇಳಿಲ್ಲ. ಹಾಗಾಗಿ ಯಾರದು ಯಾವ ಒಲೆ ಎಂಬ ಪುಸ್ತಕ ಬರೆಯುವವರು ಹಿಂದಿನ ದಿನವೇ ಎಲ್ಲವನ್ನೂ ತುಂಬಿಸಿಟ್ಟು ಹಾಯಾಗಿರುತ್ತಾರೆ. ಆ ಪುಸ್ತಕ ಬರೆಯುತ್ತಿದ್ದವಳು ನಾನೇ.

ಈ ಸಲ ನನ್ನ ಮಗಳು ನೇಸರಿಯ ಸರದಿ. ಅವಳ ಹೆಸರಿನ ಮುಂದೆ ನನ್ನ ಒಲೆಯನ್ನು ದುಂಡಗೆ ಬರೆದು, ಹೋಳಿಗೆಗೆ ಬೇಳೆಯನ್ನೂ ನೆನೆಹಾಕಿಸಿದ್ದೆ. ಮರುದಿನ ಹುಡುಗಿ ಊರೆದುರು ನಿಂತು, "ಯವ್ವಾ, ನಿನ್ನ ದೇವರಂದ್ರ ನನಗ ಇಷ್ಟನ. ಆದ್ರ ಒಳಗಿಂದ ಹೌದು ಅಂತ ಬರವಲ್ದು. ಸುಳ್ಳು ಹೆಂಗ ಹೇಳ್ಲಿ?" ಎಂದಳು.

ಒಲೆ ಹೇಳದವರಿಗೆ ಊಟವಿಲ್ಲ. ನಮ್ಮ ಒಲೆಯ ಹಿರಿಯಾಕೆ ಭೀಮಕ್ಕ ನನ್ನ ಕಿವಿಯಲ್ಲಿ, "ಬರದದ್ದು ಬರದೈತಿ, ಸುಮ್ನಿರು" ಎಂದಳು. ಮಗು ಹಸಿದಿರಬಾರದೆಂಬ ಮಮತೆಯಿಂದಲೇ ಅಂದಳು, ಪಾಪ. ಬರೆದದ್ದನ್ನು ಹಾಗೇ ಬಿಡಲು ನನಗೂ ಆಸೆಯಾಯಿತು. ಆದರೆ ಅಂದು ಬೆಳಗ್ಗೆಯಷ್ಟೇ, ಬಾಯಲ್ಲಿ ಸತ್ಯ ನುಡಿಸಪ್ಪಾ ಎಂದು ದೇವರಲ್ಲಿ ಬೇಡಿಕೊಂಡು ಬಂದವಳು ನಾನು. ಎಲ್ಲರೆದುರು ಆ ಸಾಲನ್ನು ಹೊಡೆದುಹಾಕಿದೆ. ಪುಸ್ತಕ ಈಗ ಬೇರೆಯವರ ಬಳಿ ಇದೆ.

ಇಂದಿಗೆ ಒಂಬತ್ತು ದಿನ. ನನ್ನ ಪಾಲಿನ ತಟ್ಟೆಯನ್ನು ಹೊರಗೆ ತರುತ್ತೇನೆ, ಬೇವಿನ ನೆರಳಲ್ಲಿ ಇಬ್ಬರೂ ಹಂಚಿಕೊಂಡು ಉಣ್ಣುತ್ತೇವೆ. ಸಾಲುವುದಿಲ್ಲ. ನಾನು ಪ್ರಾರ್ಥನೆ ಬಿಟ್ಟಿಲ್ಲ. ಅವಳು ಪಕ್ಕದಲ್ಲಿ ಕೂತು ಕೇಳುತ್ತಾಳೆ, ಕೈ ಮುಗಿಯುವುದಿಲ್ಲ. ಆ ಹುಡುಗಿಯನ್ನು ಕಂಡರೆ ನನಗೆ ಎಷ್ಟು ಹೆಮ್ಮೆಯೋ ಅಷ್ಟೇ ಭಯ.

ಅಜ್ಜಿ, ನಿಮ್ಮ ಕೂಸಿನ ಪುಟ್ಟ ಕೈಗಳನ್ನು ಜೋಡಿಸಿ ಮುಗಿಯಲು ಕಲಿಸಿ, ಬೇಡವೆನ್ನುವುದಿಲ್ಲ. ಆದರೆ ಮುಂದೊಂದು ದಿನ ಅದು ಕೈ ಬಿಡಿಸಿಕೊಂಡರೆ ಬೈದು ಅಡಗಿಸಬೇಡಿ. ಆ ಹಠ ತಲೆಮಾರಿನಿಂದ ತಲೆಮಾರಿಗೆ ಇಳಿದು ನೇಸರಿಯವರೆಗೆ ಬರಬೇಕಾಗಿದೆ.

ನಿಮ್ಮ,
ಸಂಕವ್ವ