ಸೇವಾರ್ಥದ ಮಾನಿಟರ್

ನವೆಂಬರ್ 4, ಮಂಗಳವಾರ

ಬತ್ತಿ ಹೊಸೆದಾಯಿತು. ದೇವಸ್ಥಾನದ ಹಿತ್ತಾಳೆ ಸಾಮಾನು ತಿಕ್ಕಿದ್ದಾಯಿತು. ನಿನ್ನೆ ಕಾರ್ತೀಕ ಸೋಮವಾರ, ಜನವೋ ಜನ. ಎಣ್ಣೆ ಜಿಡ್ಡಿಗೆ ಹುಣಸೆಹಣ್ಣು ಎರಡು ಸಲ ಹಾಕಬೇಕಾಯಿತು. ಬೆಳ್ಳಿ ಸಾಮಾನು ಬೀರುವಿಗೆ ಇಡುವಾಗ ನೋಡಿದೆ — ಬಿಲ್ವಪತ್ರೆ ಇಲ್ಲ. ಲಿಂಗದ ನೆತ್ತಿಗೆ ಇಡುವ ಬೆಳ್ಳಿಯ ಬಿಲ್ವಪತ್ರೆ. ನಿರ್ಮಾಲ್ಯದ ಬುಟ್ಟಿ ಸುರಿದು ಒಂದೊಂದೇ ಎಲೆ ಬಿಡಿಸಿ ನೋಡಿದೆ. ಇಲ್ಲ.

ಯಾರೂ ಕೇಳುವ ಮೊದಲು ನಾನೇ ಹೋಗಿ ಅಧ್ಯಕ್ಷ ಷಡಕ್ಷರಪ್ಪನವರಿಗೆ ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ನಿಮ್ಮ ಮೇಲೆ ಯಾರಿಗೂ ಅನುಮಾನ ಇಲ್ಲ ಜಗದಾಂಬಮ್ಮ."

ಅನುಮಾನದ ಮಾತು ನಾನು ಎತ್ತಿಯೇ ಇರಲಿಲ್ಲ!

ನವೆಂಬರ್ 5, ಬುಧವಾರ

ಷಡಕ್ಷರಪ್ಪನವರು ಬೀರುವಿನ ಬೀಗದಕೈ ಇಸಿದುಕೊಂಡರು. ಹುಣ್ಣಿಮೆ ಪೂಜೆಗೆ ಬಂದವರೆಲ್ಲ ನೋಡುತ್ತಿರುವಾಗಲೇ. "ಸುಮ್ನೆ ನಿಮಗ್ಯಾಕೆ ಈ ಭಾರ" ಅಂದ ಕಾರ್ಯದರ್ಶಿ ಶಿವಯೋಗಿ. ಇಷ್ಟು ವರ್ಷ ಭಾರ ಆಗಿರಲಿಲ್ಲವೇ? ನನ್ನ ಪಕ್ಕ ಕೂತು ಹೂ ಕಟ್ಟುವ ವಿಶಾಲಮ್ಮ ತನ್ನ ಪರ್ಸನ್ನು ಈ ಕಡೆಯಿಂದ ಆ ಕಡೆಗೆ ಇಟ್ಟುಕೊಂಡಳು. ನೋಡಿದೆ. ನೋಡಲಿಲ್ಲ ಅನ್ನುವ ಹಾಗೆ ನೂಲು ಗಂಟು ಹಾಕಿದೆ.

ಕ್ಯಾಮೆರಾ ಇದೆಯಲ್ಲ, ನೋಡಿ ಅಂದೆ.

"ಮಾನಿಟರ್ ಆನ್ ಆಗ್ತಿಲ್ಲ ಕಣಕ್ಕ. ದಸರಾದಿಂದ್ಲೂ ಕೆಟ್ಟಿದೆ" ಅಂದ ಶಿವಯೋಗಿ.

ಆಫೀಸಿಗೆ ನುಗ್ಗಿದೆ. ಆಯುಧಪೂಜೆಯ ವಿಭೂತಿ ಇನ್ನೂ ಅದರ ಹಣೆಯ ಮೇಲಿದೆ. ಕೆಳಗೆ ಪೇಂಟಿನಲ್ಲಿ — ಸೇವಾರ್ಥ: ಷಡಕ್ಷರಪ್ಪನವರು. ಅವರ ಅಂಗಡಿಗೆ ಹೊಸದು ಬಂತು, ಹಳೇದು ಶಿವನಿಗೆ ಬಂತು. ಪ್ರಾರ್ಥನೆ ಮಾಡಿ ಬಟನ್ ಒತ್ತಿದೆ. ಬೈದು ಒತ್ತಿದೆ. ಕತ್ತಲೆಯೇ.

ನವೆಂಬರ್ 7, ಶುಕ್ರವಾರ

ಕ್ಯಾಮೆರಾ ಹಾಕಿದವನಿಗೆ ಫೋನ್ ಮಾಡಿದೆ. ರೆಕಾರ್ಡಿಂಗ್ ಇರುವುದು ಪಕ್ಕದ ಕಪ್ಪು ಪೆಟ್ಟಿಗೆಯಲ್ಲಂತೆ. ಮಾನಿಟರ್ ಬರೀ ನೋಡಲಿಕ್ಕೆ. ಆದರೆ ಹದಿನೈದು ದಿನ ಆದ ಮೇಲೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ.

ಷಡಕ್ಷರಪ್ಪನವರಿಗೆ ಹೇಳಿದರೆ, "ಕಾರ್ತೀಕ ಮುಗೀಲಿ, ಮೀಟಿಂಗಲ್ಲಿ ಇಡೋಣ." ಅಷ್ಟರಲ್ಲಿ ಅಳಿಸಿರುತ್ತದೆ ಅಂದೆ. "ನಿಮಗ್ಯಾಕಮ್ಮ ಕಂಪ್ಯೂಟರ್ ಗೊಡವೆ?"

ಅಳಿಸಿಹೋದರೆ ಕಳ್ಳಿ ಅನ್ನುವ ಹೆಸರು ಮಾತ್ರ ಉಳಿಯುತ್ತದೆ. ಅದು ತಾನಾಗಿ ಅಳಿಸುವುದಿಲ್ಲ.

ನವೆಂಬರ್ 10, ಸೋಮವಾರ

ವಿಶಾಲಮ್ಮ ಇವತ್ತು ಬಹಳ ಮೆತ್ತಗೆ ಮಾತಾಡಿದಳು. "ಹೋಗ್ಲಿ ಬಿಡೇ ಮಾರಾಯ್ತಿ. ಯಾರೋ ಪಾಪ ಕಷ್ಟಕ್ಕೆ ತಗಂಡಿರ್ತಾರೆ. ಶಿವ ಕ್ಷಮಿಸ್ತಾನೆ."

ಕ್ಷಮಿಸುತ್ತಾನಂತೆ! ಹೂವಿನ ಬುಟ್ಟಿ ಕುಕ್ಕಿ ಎದ್ದು ಬಂದೆ. ಊಟ ಸೇರಲಿಲ್ಲ.

ನವೆಂಬರ್ 12, ಬುಧವಾರ

ಯಾರನ್ನೂ ಕೇಳಲಿಲ್ಲ. ಮಾನಿಟರನ್ನು ಹಳೇ ಸೀರೆಯಲ್ಲಿ ಕಟ್ಟಿ ಶಿವಮೊಗ್ಗದ ಬಸ್ ಹತ್ತಿದೆ. ಕಂಡಕ್ಟರ್ ನಕ್ಕ. "ಹೆಂಗಸರಿಗೆ ಫ್ರೀ ಅಮ್ಮ. ಇದು ಹೆಂಗಸಲ್ವಲ್ಲ!" ಸೀರೆ ಉಟ್ಟಿದೆ ನೋಡಪ್ಪ ಅಂದೆ. ಬಿಟ್ಟ.

ದುರ್ಗಿಗುಡಿಯಲ್ಲಿ ಹರಿಪ್ರಸಾದ್ ಎಂಬುವರ ರಿಪೇರಿ ಅಂಗಡಿ. ಅವರ ವೈರ್ ಚುಚ್ಚಿದರು. ಭಗ್ ಅಂತ ಹತ್ತಿತು!

"ಏನೂ ಆಗಿಲ್ಲಮ್ಮ ಇದಕ್ಕೆ. ನಿಮ್ಮ ವೈರ್ ಎಲ್ಲಿ?"

ವೈರ್ ಗೋಡೆಗೆ ಕಟ್ಟಿದ್ದರಿಂದ ಅಲ್ಲೇ ಬಿಟ್ಟು ಬಂದಿದ್ದೆ. ಹಾಗಾದರೆ ಕೆಟ್ಟಿರುವುದು ವೈರು. ತಿಂಗಳಿಂದ ಒಬ್ಬರಾದರೂ ಬೇರೆ ವೈರ್ ಹಾಕಿ ನೋಡಬಾರದಿತ್ತೇ? ನನ್ನ ದುಡ್ಡಲ್ಲೇ ಹೊಸದು ತೆಗೆದುಕೊಂಡೆ.

"ಲೈಟ್ ಹತ್ತಿ ಚಿತ್ರ ಬರ್ಲಿಲ್ಲ ಅಂದ್ರೆ ಹೆದರ್ಬೇಡಿ. ಪೆಟ್ಟಿಗೆಯಿಂದ ಬರೋ ಇನ್ನೊಂದು ಕೇಬಲ್ ಇರುತ್ತಲ್ಲ, ಅದನ್ನ ಎರಡೂ ತುದಿ ಒತ್ತಿ, ತಿರುಪು ಬಿಗಿ ಮಾಡಿ" ಅಂದರು.

ನವೆಂಬರ್ 13, ಗುರುವಾರ

ಹೊಸ ವೈರಿಗೆ ಲೈಟ್ ಹತ್ತಿತು. ಚಿತ್ರ ಇಲ್ಲ. ಪೆಟ್ಟಿಗೆಯ ಹಿಂದೆ ಕೈ ಹಾಕಿದರೆ ಆ ಕೇಬಲ್ ಅರ್ಧ ಕಳಚಿ ನೇತಾಡುತ್ತಿದೆ. ಆಯುಧಪೂಜೆಗೆ ಧೂಳು ಹೊಡೆದವರ ಭಕ್ತಿ! ಒತ್ತಿದೆ, ತಿರುಪು ಬಿಗಿದೆ. ಗರ್ಭಗುಡಿ ಕಂಡಿತು. ನನಗೆ ಗೊತ್ತಿಲ್ಲದೆ ಕೈ ಮುಗಿದಿದ್ದೆ.

ಶಿವಯೋಗಿಯನ್ನು ಎಳೆದು ತಂದು ಕೂರಿಸಿದೆ. ಮೌಸ್ ಹಿಡಿದು ಆ ಸೋಮವಾರಕ್ಕೆ ಹೋದ. ಸಂಜೆ. ಮಹಾಮಂಗಳಾರತಿ ಮುಗಿದಿದೆ. ನೆಲಕ್ಕೆ ಗ್ರಾನೈಟ್ ಹಾಕಿಸಿಕೊಟ್ಟ ಶಿವಮೊಗ್ಗದ ದಾನಿಗಳು ನಿಂತಿದ್ದಾರೆ. ಅರ್ಚಕರನ್ನು ಪಕ್ಕಕ್ಕೆ ಸರಿಸಿ ಷಡಕ್ಷರಪ್ಪನವರೇ ಲಿಂಗದ ಮೇಲಿನ ಹೂವು ಪತ್ರೆ ಎರಡು ಕೈಯಲ್ಲಿ ಬಾಚಿ ದಾನಿಗಳ ಶಾಲಿಗೆ ಹಾಕಿದರು. ಪ್ರಸಾದ. ಹಸಿರು ಎಲೆಗಳ ನಡುವೆ ಒಂದು ಮಿಂಚಿತು.

ಶಿವಯೋಗಿ ಹಿಂದಕ್ಕೆ ಹೋಗಿ ಮತ್ತೆ ನೋಡಿದ. ಮಿಂಚಿತು.

"ಅಧ್ಯಕ್ಷರಿಗೆ ನಾನ್ ಹೇಳ್ತೀನಿ. ನೀವು ಎಲ್ಲೂ ಬಾಯಿ ಬಿಡ್ಬೇಡಿ ಅಕ್ಕ."

ಯಾಕೆ ಬಿಡಬಾರದು?

ನವೆಂಬರ್ 14, ಶುಕ್ರವಾರ

ಷಡಕ್ಷರಪ್ಪನವರು ಆಫೀಸಿಗೆ ಕರೆಸಿ ಬಾಗಿಲು ಹಾಕಿಸಿದರು. ಬೀಗದಕೈ ನನ್ನ ಮುಂದೆ ಸರಿಸಿದರು.

"ಪ್ರಸಾದ ಅಂತ ಕೊಟ್ಟಿದ್ದನ್ನ ವಾಪಸ್ ಕೇಳೋಕಾಗುತ್ತಾ? ಶಿವನೇ ಕೊಟ್ಟ ಅಂದ್ಕೊಳ್ಳಿ. ನಾನು ಹೊಸದು ಮಾಡಿಸ್ತೀನಿ. ಮುಗೀತಲ್ಲ?"

"ಎಲ್ಲರ ಎದುರಿಗೆ ಇಸ್ಕೊಂಡ್ರಿ. ಎಲ್ಲರ ಎದುರಿಗೇ ಕೊಡಿ. ಸೋಮವಾರ ದೀಪೋತ್ಸವದಲ್ಲಿ ಮೈಕಲ್ಲಿ ಹೇಳಿ."

"ಮೈಕಲ್ಲಾ!" ನಕ್ಕರು. "ಅವತ್ತು ಆ ದಾನಿಗಳೂ ಬರ್ತಾರಮ್ಮ. ಮರ್ಯಾದೆ ಪ್ರಶ್ನೆ."

"ನಂದೂ ಅದೇ."

ಬೀಗದಕೈ ಮುಟ್ಟದೆ ಬಂದೆ. ತಪ್ಪು ಆಗುತ್ತದೆ, ಮನುಷ್ಯರು. ಆಗಿದ್ದಕ್ಕೆ ಸಿಟ್ಟಿಲ್ಲ. ಗೊತ್ತಾದ ಮೇಲೂ ನನ್ನ ತಲೆಯ ಮೇಲೇ ಇರಲಿ ಅನ್ನುತ್ತಾರಲ್ಲ…

ನವೆಂಬರ್ 16, ಭಾನುವಾರ

ವಿಶಾಲಮ್ಮನಿಗೆ ತೋರಿಸೋಣ ಅಂತ ಕರೆದುಕೊಂಡು ಹೋದೆ. ಮಾನಿಟರ್ ಆನ್ ಆಗಲಿಲ್ಲ. ನೋಡಿದರೆ ನಾನು ತಂದ ವೈರೇ ಇಲ್ಲ!

"ಮತ್ತೆ ಕೆಟ್ಟೋಯ್ತು ಕಣಕ್ಕ" ಅಂದ ಶಿವಯೋಗಿ, ಗೋಡೆ ನೋಡುತ್ತ.

"ವೈರ್ ತೆಗ್ದಿದ್ದು ಯಾರಪ್ಪ? ನಿನ್ನ ಮೇಲೆ ಯಾರಿಗೂ ಅನುಮಾನ ಇಲ್ಲ ಬಿಡು."

ಕಿವಿಯವರೆಗೆ ಕೆಂಪಾದ. ವಿಶಾಲಮ್ಮ ನನ್ನನ್ನೂ ಅವನನ್ನೂ ನೋಡಿ ಹೊರಟುಹೋದಳು. ನಂಬಿದಳೋ ಇಲ್ಲವೋ. ನಾಳೆ ದಾಟಿದರೆ ಆ ಚಿತ್ರವೂ ಇರುವುದಿಲ್ಲ.

ನವೆಂಬರ್ 17, ಸೋಮವಾರ. ರಾತ್ರಿ

ಈಗ ಬಂದೆ. ಬರೆದೇ ಮಲಗಬೇಕು.

ದೀಪ ಹಚ್ಚಿಯಾಯಿತು. ಹೊಸ ಗ್ರಾನೈಟಿನ ಮೇಲೆ ಕಾಲಿಡಲು ಜಾಗವಿಲ್ಲ. ಷಡಕ್ಷರಪ್ಪನವರು ಮೈಕಿನಲ್ಲಿ ಎಲ್ಲರ ಹೆಸರೂ ಓದಿದರು. ಎಣ್ಣೆ ಕೊಟ್ಟವರು, ಶಾಮಿಯಾನದವರು, ಮೈಕಿನವರು. ಆ ಮಾತು ಮಾತ್ರ ಬರಲಿಲ್ಲ. ಎದ್ದು ಹೋಗಿ ಮೈಕ್ ಕೇಳಿದೆ. ಶಿವಯೋಗಿ ಆಫ್ ಮಾಡಿದ.

ಮಾಡಲಿ. ಆಯನೂರಿನ ಕಡೆ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ಗಂಟಲು ನನ್ನದು.

"ಬೆಳ್ಳಿ ಬಿಲ್ವಪತ್ರೆ ಕಳುವಾಗಿಲ್ಲ! ಜಗದಾಂಬಾ ತಗೊಂಡಿಲ್ಲ! ಅವತ್ತು ಪ್ರಸಾದದ ಜೊತೆ ಹೋಗಿದೆ!"

ಗದ್ದಲ ನಿಂತಿತು. ಮುಂದಿನ ಕುರ್ಚಿಯಿಂದ ಆ ದಾನಿಗಳು ಎದ್ದರು. ಮುಖದಲ್ಲಿ ಪಾಪ, ಸಂತೋಷವೇ.

"ಅಯ್ಯೋ, ಅದು ನಮ್ಮನೆ ದೇವರ ಕೋಣೆಲಿದೆಯಲ್ಲಮ್ಮ! ದಿನಾ ಪೂಜೆ ಮಾಡ್ತಿದೀವಿ. ಷಡಕ್ಷರಪ್ಪನೋರೇ ಕೈಯಾರೆ ಕೊಟ್ರು. ಯಾಕೆ, ಕೊಡಬಾರದಿತ್ತಾ?"

ಎಲ್ಲ ತಲೆಗಳೂ ಆ ಕಡೆ ತಿರುಗಿದವು. ವಿಶಾಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಷಡಕ್ಷರಪ್ಪನವರು ತಾವೇ ಮೈಕ್ ಆನ್ ಮಾಡಿದರು. "ಜಗದಾಂಬಮ್ಮನೋರು…" ಅಂದು ನಿಲ್ಲಿಸಿದರು. ಬೆವರು ಒರೆಸಿಕೊಂಡರು. ನಾನು ಕದಲಲಿಲ್ಲ. ಜನರೂ ಕದಲಲಿಲ್ಲ. ಅವರು ಮೈಕನ್ನು ಬಾಯಿಯ ಹತ್ತಿರ ತಂದು, ನನ್ನ ಕಡೆ ನೋಡಿ, "ಜಗದಾಂಬಮ್ಮನೋರು ತಗೊಂಡಿಲ್ಲ, ಕೊಟ್ಟಿದ್ದು ನಾನೇ" ಅಂದು ಎಲ್ಲರ ಎದುರಿಗೇ ಬೀಗದಕೈ ಚಾಚಿದರು.