ಐದು ಬೆರಳಿನ ಫೋಟೋ

10 ಫೆಬ್ರವರಿ 2025, ಸೋಮವಾರ

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ತಪ್ಪಿರುತ್ತದೆ, ಕ್ಷಮೆ ಇರಲಿ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಈಗ ಪುಸ್ತಕ ಜಾರದಂತೆ ಒತ್ತಿ ಹಿಡಿಯಲು ಎಡಗೈಗೂ ಆಗುವುದಿಲ್ಲ.

ನಿನ್ನೆ ರೂಮಿನ ಅನಿಲ್ ನನ್ನನ್ನು ಬೀಚಿಗೆ ಎಳೆದುಕೊಂಡು ಹೋದ. ಡೇಟಿಂಗ್ ಆ್ಯಪಿಗೆ ನನ್ನ ಫೋಟೋ ಬೇಕಂತೆ.

"ಆಧಾರ್ ಕಾರ್ಡ್ ಥರ ನಿಂತ್ರೆ ಯಾವ ಹುಡುಗಿ ನೋಡ್ತಾಳೆ ಮಚ್ಚಿ? ಓಡು, ಕ್ಯಾಚ್ ಹಿಡಿ," ಎಂದ, ಇಲ್ಲಿನ ತಮಿಳು ಬೆರೆಸಿ.

ಎಡಗೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಿದೆ. ಚೆಂಡು ಬಂದಾಗ ಮರೆತು ಎರಡೂ ಕೈ ಎತ್ತಿಬಿಟ್ಟೆ. ಅದೊಂದೇ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಹೋದ ಎರಡು ಬೆರಳಿನ ಜಾಗವೂ ಅದರಲ್ಲೇ ಕಾಣುತ್ತದೆ.

"ಇರು ಡಾ, ಸರಿ ಮಾಡ್ತೀನಿ," ಎಂದು ಅನಿಲ್ ಫೋನಿನಲ್ಲಿ ಏನೋ ಒತ್ತಿದ. ಫೋಟೋದಲ್ಲಿ ಬೆರಳು ಬಂದವು, ಉಗುರು ಸಮೇತ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಮೊದಲು ನನ್ನ ಕೈ ಹಾಗೇ ಇತ್ತು.

ಆ್ಯಪಿಗೆ ಅದನ್ನು ಹಾಕಬೇಡ ಎಂದೆ. ಯಾವ ಹುಡುಗಿಯಾದರೂ ಒಂದು ದಿನ ಎದುರಿಗೆ ಬಂದು ಕೂರುತ್ತಾಳಲ್ಲ.

"ಮತ್ತೆ ಯಾವ್ದು ಹಾಕ್ಲಿ?" ಎಂದ. ಆ ಬೆರಳಿನ ಫೋಟೋ ನನ್ನ ಫೋನಿಗೆ ಕಳಿಸು, ಸಾಕು ಎಂದೆ.

ಬೆರಳು ಹೋದದ್ದನ್ನು ಊರಿನಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ. ಮುಖ ನೋಡಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ ಎಂದು ಎಂಟು ತಿಂಗಳಿಂದ ವಿಡಿಯೋ ಕಾಲ್ ತಪ್ಪಿಸುತ್ತಿದ್ದೇನೆ. "ಒಂದು ಪೋಟೋನಾರ ಕಳ್ಸು ಮಗ, ನಿನ್ ಮೊಕ ನೋಡಿ ಎಷ್ಟ್ ದಿನ ಆಯ್ತು," ಎಂದು ಪ್ರತಿ ವಾರ ಕೇಳುತ್ತಾಳೆ.

ಇವತ್ತು ಬೆಳಿಗ್ಗೆ ಕಾರ್ಖಾನೆಗೆ ಹೋಗಲು ಅಂಬತ್ತೂರಿನ ಬಸ್ಸಿಗೆ ಕಾಯುತ್ತಾ ಆ ಐದು ಬೆರಳಿನ ಫೋಟೋವನ್ನು ಅಮ್ಮನಿಗೆ ಕಳಿಸಿದೆ.