ರಿಮಾರ್ಕ್ಸ್ ಕಾಲಂ

ಮಾರ್ಚ್ 3, ಬೆಳಿಗ್ಗೆ 9.40

ಕಂಪ್ಯೂಟರ್ ಆನ್ ಆಗಲು ಇವತ್ತೂ ಹನ್ನೊಂದು ನಿಮಿಷ. ಅಷ್ಟರಲ್ಲಿ ಎರಡು ಫೋನ್. ಒಂದು ಕಡೆ ಲಿಫ್ಟ್ ಬಾಗಿಲು ಮುಚ್ಚುತ್ತಿಲ್ಲ, ಇನ್ನೊಂದು ಕಡೆ ಮೇಲೆ ಹೋದದ್ದು ಇಳಿಯುತ್ತಿಲ್ಲ. ಸ್ಕ್ರೀನ್ ನೋಡದೆಯೇ ವಿಳಾಸ ಹೇಳಿ ಇಬ್ಬರು ಮೆಕ್ಯಾನಿಕ್‌ಗಳನ್ನು ಕಳಿಸಿದೆ. ನಮ್ಮ ಆಫೀಸು ರಿಪೇರಿ ನೋಡುವುದು ಇನ್ನೂರ ಹದಿನಾಲ್ಕು ಲಿಫ್ಟು, ನಾನಿಲ್ಲಿ ಹತ್ತೊಂಬತ್ತು ವರ್ಷ. ಎಲ್ಲ ಬಾಯಿಪಾಠ.

ಹೊಸ ಸಿಸ್ಟಮ್ ಹಾಕುವವಳು ಬಂದಿದ್ದಾಳೆ. ನನ್ನ ಅರ್ಧ ವಯಸ್ಸು. ಕ್ಲಿಕ್ಕಮ್ಮ ಎಂದು ಹೆಸರಿಟ್ಟಿದ್ದೇನೆ... ಮನಸ್ಸಿನಲ್ಲಿ ಮಾತ್ರ.

ಮಾರ್ಚ್ 5

ಪ್ರಿಂಟರ್ ಹೊಸ ಸಿಸ್ಟಮ್‌ಗೆ ಹೊಂದುತ್ತಿಲ್ಲ. ಅದಕ್ಕೂ ನನಗೂ ಒಂದೇ ಅಭಿಪ್ರಾಯ. ಪಾಸ್‌ವರ್ಡ್ ಮೂರು ಸಲ ತಪ್ಪಿ ಲಾಕ್ ಆಯಿತು. ಕ್ಲಿಕ್ಕಮ್ಮ ನಗುತ್ತಾ ಬಿಡಿಸಿಕೊಟ್ಟಳು. ಎಲ್ಲರಿಗೂ ಆಗುತ್ತದಂತೆ. ನಾನು ಎಲ್ಲರಲ್ಲಿ ಒಬ್ಬಳಾದದ್ದು ಯಾವಾಗ?

ಟೀ ಹೊತ್ತಿಗೆ ನನ್ನ ಟೇಬಲ್ ಸುತ್ತ ಇರುತ್ತಿದ್ದ ಮೆಕ್ಯಾನಿಕ್‌ಗಳು ಈಗ ಅವಳ ಬೆನ್ನ ಹಿಂದೆ. ಹೊಟ್ಟೆಕಿಚ್ಚು. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ. ಮನೆಯಲ್ಲಿ ಅವಳನ್ನು ಅರ್ಧ ಗಂಟೆ ಬಯ್ದೆ. ನೀನು ಇಷ್ಟು ಬಯ್ಯಬೇಕಾದರೆ ಹುಡುಗಿ ಕೆಲಸ ಚೆನ್ನಾಗಿಯೇ ಮಾಡುತ್ತಿರಬೇಕು ಎಂದರು ಇವರು.

ಮಾರ್ಚ್ 9

ಟೆಸ್ಟಿಂಗ್. ಹಳೆಯದಕ್ಕೂ ಹೊಸದಕ್ಕೂ ತಾಳೆ ನೋಡಿ, ಟಿಕ್ ಹಾಕಿ ಸಹಿ ಮಾಡಲು ಒಂದು ಹಾಳೆ ಕೊಟ್ಟಳು. ಹೆಸರು ಸರಿ. ವಿಳಾಸ ಸರಿ. ರಿಮಾರ್ಕ್ಸ್ ಕಾಲಂ ಖಾಲಿ. ಇನ್ನೂರ ಹದಿನಾಲ್ಕೂ ಖಾಲಿ.

ಆ ಕಾಲಂ ಪೂರ್ತಿ ನನ್ನದು. ಮೆಷಿನ್ ರೂಮಿನ ಕೀ ಯಾರ ಹತ್ತಿರ, ಯಾವ ವಾಚ್‌ಮನ್‌ಗೆ ಕಿವಿ ಮಂದ, ಯಾವ ಕಟ್ಟಡಕ್ಕೆ ಹಿಂದಿನ ಗಲ್ಲಿಯಿಂದ ದಾರಿ – ಎಲ್ಲ ಅದರಲ್ಲಿತ್ತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾಲೀಕರು ಅವಳಿಗೆ, “ನೀನು ಬಂದ್ಮೇಲೆ ಆಫೀಸು ಆಫೀಸ್ ಥರ ಆಯ್ತು ನೋಡಮ್ಮ” ಎಂದರು.

ಹಾಗಾದರೆ ಹತ್ತೊಂಬತ್ತು ವರ್ಷ ಏನಾಗಿತ್ತು, ದನದ ಕೊಟ್ಟಿಗೆಯೇ?

ರಿಮಾರ್ಕ್ಸ್ ಮುಂದೆ ಟಿಕ್ ಹಾಕಿದೆ. ಕೆಳಗೆ ಸಹಿ. ಒಮ್ಮೆ ಮುಗ್ಗರಿಸಲಿ. ಎತ್ತಲು ನಾನಿದ್ದೇನಲ್ಲ.

ಮಾರ್ಚ್ 10

ಹಳೆ ಸಿಸ್ಟಮ್ ಬಂದ್.

ಮಾರ್ಚ್ 17, ಮಧ್ಯಾಹ್ನ 2.30

ಬೆಳಿಗ್ಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಫೋನ್ ಬ್ಯಾಗಿನಲ್ಲಿ, ಸೈಲೆಂಟ್. ಹೊರಬಂದು ನೋಡಿದರೆ ಹದಿನಾರು ಮಿಸ್ಡ್ ಕಾಲ್. ವಾಪಸ್ ಫೋನ್ ಮಾಡಿದೆ. ರಿಟೈರಾದ ಒಬ್ಬ ಟೀಚರಮ್ಮ, ಎಪ್ಪತ್ತೆಂಟು ವರ್ಷ, ಲಿಫ್ಟಿನಲ್ಲಿ ಎರಡು ಮಹಡಿಗಳ ನಡುವೆ. ಮೆಷಿನ್ ರೂಮಿಗೆ ಬೀಗ, ಕೀ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಕೆಳಗಿನ ಟೈಲರ್ ಹತ್ತಿರ ಎಂದೆ. ಬಾಯಿ ಅರ್ಧ ಮರಗಟ್ಟಿತ್ತು, ಮೆಕ್ಯಾನಿಕ್‌ಗೆ ಅರ್ಥವಾಗಲು ಮೂರು ಸಲ ಹೇಳಬೇಕಾಯಿತು.

ನಲವತ್ತು ನಿಮಿಷ. ಜೀವಕ್ಕೇನೂ ಆಗಿಲ್ಲ. ಸೀರೆ ಒದ್ದೆಯಾಗಿತ್ತಂತೆ, ಯಾರ ಮುಖವನ್ನೂ ನೋಡದೆ ಒಳಗೆ ಹೋದರಂತೆ.

ಮಾರ್ಚ್ 18

ಮಾಲೀಕರು ಎಲ್ಲರೆದುರು ಕ್ಲಿಕ್ಕಮ್ಮನಿಗೆ ಛೀಮಾರಿ ಹಾಕಿದರು. ನಾಳೆಯೇ ಕೊನೆ ದಿನ. ತಲೆ ತಗ್ಗಿಸಿ ನಿಂತಿದ್ದಳು. ನಾನು ಬಯಸಿದ್ದೇ ಇದು.

ಆಮೇಲೆ ನನ್ನ ಟೇಬಲ್ಲಿಗೆ ಬಂದು ಆ ಹಾಳೆ ಇಟ್ಟಳು. ನನ್ನ ಟಿಕ್, ನನ್ನ ಸಹಿ.

“ಅಕ್ಕ, ಇದನ್ನ ಸರ್‌ಗೆ ತೋರಿಸಿಲ್ಲ. ಅಷ್ಟೊಂದು ನೋಡೋವಾಗ ಕಣ್ಣು ತಪ್ಪತ್ತೆ. ನಾನೇ ಇನ್ನೊಂದ್ಸಲ ನೋಡ್ಬೇಕಿತ್ತು. ನೀವು ಹರಿದುಹಾಕಿ.”

ಇದಕ್ಕೂ ಹೊಟ್ಟೆ ಉರಿಯಿತು. ಒಳ್ಳೆಯತನವೂ ಅವಳಿಗೇ ಇರಬೇಕೇ?

ಮಾರ್ಚ್ 19, ಬೆಳಿಗ್ಗೆ 10.05

ಮೆಕ್ಯಾನಿಕ್‌ಗಳು ಮತ್ತೆ ನನ್ನ ಸುತ್ತ. ಅಕ್ಕ ಇಲ್ಲದಿದ್ದರೆ ನಮ್ಮ ಗತಿ ಏನು ಎನ್ನುತ್ತಿದ್ದಾರೆ. ಟೀ ಲೋಟ ಪಕ್ಕಕ್ಕೆ ಸರಿಸಿದೆ.

ಹಾಳೆ ಹರಿಯಲು ಕೈ ಬಂದಿಲ್ಲ. ಅವಳು ವೈರು ಸುತ್ತಿ ಬ್ಯಾಗಿಗೆ ತುಂಬುತ್ತಿದ್ದಾಳೆ. ಮಾಲೀಕರ ಬಾಗಿಲು ತೆರೆದಿದೆ. ಕಣ್ಣು ತಪ್ಪಿದ್ದಲ್ಲ, ಬೇಕೆಂದೇ... ಅಷ್ಟು ಹೇಳಿದರೆ ಸಾಕು. ಹೇಳಿದ ಮೇಲೆ ನಾನಿಲ್ಲಿ ಯಾರು?

ಬ್ಯಾಗಿನ ಜಿಪ್ ಎಳೆದಳು. ಹಾಳೆ ಹಿಡಿದು ಎದ್ದೆ –